ಶಾಖೆ ಬಿಟ್ಟು ಹೊರಟ ಲೆಡ್ಜರ್

ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರನ್ನು ಮೊದಮೊದಲು ದುಡಿಸಿಕೊಂಡವರಲ್ಲಿ ಚಹಾ ಅಂಗಡಿಯವರೂ ಇದ್ದರು ಎಂದರೆ ಆಶ್ಚರ್ಯವಾಗಬಹುದು. ಬ್ರಿಟನ್ನಿನ ಜೆ. ಲಯನ್ಸ್ ಕಂಪನಿ ಲಿಯೋ ಎಂಬ ಯಂತ್ರವನ್ನು ತಾನೇ ಕಟ್ಟಿಸಿ 1951ರಲ್ಲಿ ಬೇಕರಿಯ ವೆಚ್ಚದ ಲೆಕ್ಕಕ್ಕೆ ಹಚ್ಚಿತು. ಕೆಲವೇ ವರ್ಷಗಳಲ್ಲಿ ಅಂಗಡಿಗಳಿಗೆ ದಿನವೂ ಕಳಿಸುವ ತಿಂಡಿಗಳ ಲೆಕ್ಕವೂ ಅದರ ಪಾಲಿಗೆ ಬಂತು. ಪ್ರತಿ ಅಂಗಡಿಗೂ ಒಂದು ಮಾಮೂಲಿ ಪಟ್ಟಿ. ಯಾವುದು ಹೆಚ್ಚು ಬೇಕು, ಯಾವುದು ಕಡಿಮೆ ಸಾಕು ಎಂಬ ವ್ಯತ್ಯಾಸವನ್ನಷ್ಟೇ ಅಂಗಡಿ ನೋಡಿಕೊಳ್ಳುವಾಕೆ ಫೋನಿನಲ್ಲಿ ತಿಳಿಸಿದರೆ ಆಯಿತು. ಗುಮಾಸ್ತರು ಕೂಡಿ ಕಳೆಯುವ ಶ್ರಮ ಉಳಿಯಿತು, ನಿಜ. ಆದರೆ ಯಾವ ಬೀದಿಯಲ್ಲಿ ಯಾವ ತಿಂಡಿ ಖರ್ಚಾಗುತ್ತದೆ ಎಂಬ ತಿಳಿವಳಿಕೆ, ಅಲ್ಲಿಯವರೆಗೆ ಆಕೆಯ ತಲೆಯಲ್ಲಿದ್ದದ್ದು, ಈಗ ಮುಖ್ಯ ಕಚೇರಿಯ ದಾಖಲೆಯೂ ಆಯಿತು. ಉದ್ದಿಮೆಗಳಲ್ಲಿ ಮಾಹಿತಿ ವ್ಯವಸ್ಥೆ ಬೆಳೆದ ಬಗೆಯನ್ನು ವೇಗದ ಕಥೆಯಾಗಿ ಹೇಳುವುದು ವಾಡಿಕೆ. ತಿಳಿವಳಿಕೆ ಕೈಬದಲಾದ ಕಥೆಯಾಗಿ ಓದಿದರೆ ಅದು ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ವಾದ. ನಮ್ಮ ಬ್ಯಾಂಕುಗಳೇ ಅದಕ್ಕೆ ಸಾಕ್ಷಿ.

ಮುಂದಿನ ಘಟ್ಟಗಳು ಪರಿಚಿತವೇ. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಕೂಡಿ ಕಟ್ಟಿದ ಸೇಬರ್, 1960ರ ದಶಕದ ನಡುವಿನ ಹೊತ್ತಿಗೆ ವಿಮಾನದ ಸೀಟುಗಳ ಲೆಕ್ಕವನ್ನು ಒಂದೇ ಕಡೆ ತಂದಿತು. 1974ರಲ್ಲಿ ಒಹಾಯೋದ ಸೂಪರ್‌ಮಾರ್ಕೆಟ್ಟೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದಿಂದ ಶುರುವಾದ ಬಾರ್‌ಕೋಡ್, ವಾಲ್‌ಮಾರ್ಟ್ ತನ್ನ ಮಾರಾಟದ ಅಂಕಿಗಳನ್ನು ಸರಬರಾಜುದಾರರಿಗೇ ತೆರೆದಿಡುವವರೆಗೆ ಮುಟ್ಟಿತು. ಐಬಿಎಂ ಬಿಟ್ಟು ಬಂದ ಐವರು 1972ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಸ್ಯಾಪ್, ಮುಂದೆ ಖರೀದಿ, ಉಗ್ರಾಣ, ಸಂಬಳ, ಲೆಕ್ಕಪತ್ರಗಳನ್ನೆಲ್ಲ ಒಂದೇ ದತ್ತಾಂಶದ ಮೇಲೆ ನಿಲ್ಲಿಸಿತು. ಇಷ್ಟಾದರೂ 1987ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ, ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುತ್ತಿಲ್ಲ ಎಂಬರ್ಥದಲ್ಲಿ ಚುಚ್ಚಿದರು. ಮೂರು ವರ್ಷದ ಬಳಿಕ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ಕೊಟ್ಟ ಉತ್ತರಕ್ಕೆ ಈಗಲೂ ಬೆಲೆಯಿದೆ. ಕಾರ್ಖಾನೆಗಳಿಗೆ ವಿದ್ಯುತ್ ಬಂದಾಗಲೂ ಹೀಗೇ ಆಗಿತ್ತು. ಉಗಿಯಂತ್ರ ಇದ್ದ ಜಾಗಕ್ಕೆ ಮೋಟಾರು ಕೂರಿಸಿ ಹಳೆಯ ಬೆಲ್ಟುಗಳನ್ನೇ ತಿರುಗಿಸುತ್ತಿದ್ದಷ್ಟು ಕಾಲ ಲಾಭ ಅಷ್ಟಕ್ಕಷ್ಟೇ. ಒಂದೊಂದು ಯಂತ್ರಕ್ಕೂ ಬೇರೆ ಮೋಟಾರು ಬಂದು, ಕಾರ್ಖಾನೆಯ ವಿನ್ಯಾಸವೇ ಬದಲಾದ ಮೇಲೆ ಫಲ ಕಂಡಿತು. ಅದಕ್ಕೆ ಸುಮಾರು ನಾಲ್ಕು ದಶಕ ಹಿಡಿಯಿತು.

ಭಾರತದ ಬ್ಯಾಂಕುಗಳಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ. 1969ರ ರಾಷ್ಟ್ರೀಕರಣದ ಹೊತ್ತಿಗೆ 8,000 ಚಿಲ್ಲರೆ ಇದ್ದ ಶಾಖೆಗಳು 1991ಕ್ಕೆ 60,000ದಷ್ಟಾಗಿದ್ದವು. ಪ್ರತಿ ಶಾಖೆಯ ಲೆಡ್ಜರ್ ಆ ಶಾಖೆಯ ಬೀರುವಿನಲ್ಲೇ. ಒಂದು ಊರಿನವರು ಬರೆದುಕೊಟ್ಟ ಡಿ.ಡಿ.ಗೆ ಇನ್ನೊಂದು ಊರಿನವರು ದುಡ್ಡು ಕೊಟ್ಟರೆ, ಎರಡೂ ಕಡೆಯ ನಮೂದುಗಳನ್ನು ತಾಳೆ ನೋಡುವ ಕೆಲಸ ತಿಂಗಳುಗಟ್ಟಲೆ ಬಾಕಿ ಬೀಳುತ್ತಿತ್ತು. 1992ರಲ್ಲಿ ಬಯಲಾದ ಹರ್ಷದ್ ಮೆಹ್ತಾ ಹಗರಣ ಬೆಳೆದದ್ದೂ ಇಂಥ ವಿಳಂಬದ ಸಂದಿಯಲ್ಲೇ: ಸರ್ಕಾರಿ ಸಾಲಪತ್ರದ ಬದಲು ಬ್ಯಾಂಕ್ ರಸೀದಿ ಓಡಾಡುತ್ತಿತ್ತು, ಅದರ ಹಿಂದೆ ನಿಜವಾಗಿ ಪತ್ರ ಇದೆಯೇ ಎಂದು ಆ ಗಳಿಗೆಯಲ್ಲೇ ನೋಡಿ ಹೇಳುವ ದಾರಿ ಇರಲಿಲ್ಲ. ಹಾಗೆಂದು ಯಂತ್ರ ಬಂದಿರಲಿಲ್ಲವೆಂದಲ್ಲ. ನೌಕರರ ಸಂಘಗಳೊಂದಿಗೆ 1983ರಲ್ಲಿ ಒಪ್ಪಂದವಾಗಿ, 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಬಡ್ಡಿ ಲೆಕ್ಕ ಸುಲಭವಾಯಿತು, ದಿನದ ಕೊನೆಗೆ ಟ್ಯಾಲಿ ಬೇಗ ಆಯಿತು. ಆದರೆ ಕಾಗದದ ಲೆಡ್ಜರ್ ಇದ್ದ ಕಡೆಯೇ ಯಂತ್ರದ ಲೆಡ್ಜರ್ ಕೂತಿತು. ಉಡುಪಿಯಲ್ಲಿ ಖಾತೆ ಇದ್ದವರು ಹುಬ್ಬಳ್ಳಿಯಲ್ಲಿ ಅದೇ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಅಲ್ಲಿ ಅವರು ಅಪರಿಚಿತರೇ.

ಲೆಡ್ಜರ್ ಶಾಖೆ ಬಿಟ್ಟು ಹೊರಟದ್ದು ಎಲ್ಲ ಶಾಖೆಗಳ ಖಾತೆಗಳನ್ನು ಒಂದೇ ಕೇಂದ್ರದಲ್ಲಿಡುವ ಕೋರ್ ಬ್ಯಾಂಕಿಂಗ್ ಬಂದ ಮೇಲೆ. 1990ರ ದಶಕದಲ್ಲಿ ಹುಟ್ಟಿದ ಖಾಸಗಿ ಬ್ಯಾಂಕುಗಳಿಗೆ ಹಳೆಯ ಪುಸ್ತಕಗಳ ಹೊರೆ ಇರಲಿಲ್ಲವಾಗಿ ಅವು ಬೇಗ ಹೊಂದಿಕೊಂಡವು. ಉಳಿದವು ಇನ್ಫೋಸಿಸ್‌ನ ಫಿನಾಕಲ್, ಟಿಸಿಎಸ್‌ನ ಬ್ಯಾಂಕ್ಸ್‌ನಂಥ ತಂತ್ರಾಂಶಗಳನ್ನು ಹಿಡಿದು ಮುಂದಿನ ದಶಕದುದ್ದಕ್ಕೂ ಬೆವರು ಸುರಿಸಿದವು. ಶಾಖೆಯ ಗಿರಾಕಿ ಬ್ಯಾಂಕಿನ ಗಿರಾಕಿಯಾದದ್ದು ಆಗ. 2004ರ ಆರ್‌ಟಿಜಿಎಸ್, 2005ರ ನೆಫ್ಟ್, 2010ರ ಐಎಂಪಿಎಸ್, 2016ರ ಯುಪಿಐ ಎಂಬ ಹಣ ವರ್ಗಾವಣೆಯ ವ್ಯವಸ್ಥೆಗಳೆಲ್ಲವೂ ಈ ಸ್ಥಳಾಂತರದ ಮೇಲೆ ನಿಂತಿವೆ. ಬೀರುವಿನಲ್ಲಿದ್ದ ಲೆಡ್ಜರಿಗೆ ಎಷ್ಟು ವೇಗದ ಯಂತ್ರ ಕೊಟ್ಟಿದ್ದರೂ ಇವುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ.

ಈ ಸ್ಥಳಾಂತರದ ಬಗ್ಗೆ ಆಕ್ಷೇಪಗಳಿವೆ. ನೌಕರಿ ಹೋಗುತ್ತದೆ ಎಂದು ಸಂಘಗಳು ಹೆದರಿದ್ದನ್ನು ಪ್ರಗತಿವಿರೋಧ ಎಂದು ಈಗ ನಗುವವರಿದ್ದಾರೆ. ಆ ನಗು ಅನ್ಯಾಯದ್ದು. 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಲಕ್ಷದ ಆಸುಪಾಸಿನ ಮಂದಿ ಹೊರನಡೆದರು. ಭಯಕ್ಕೆ ಆಧಾರವಿತ್ತು. ಇನ್ನೊಂದು ಆಕ್ಷೇಪ ಲೇಖಕ ನಿಕೊಲಸ್ ಕಾರ್ 2003ರಲ್ಲಿ ಎತ್ತಿದ್ದು: ಎಲ್ಲರೂ ಕೊಳ್ಳಬಹುದಾದ ವ್ಯವಸ್ಥೆಯಿಂದ ಯಾರಿಗೂ ವಿಶೇಷ ಮೇಲುಗೈ ಸಿಗದು. ತಂತ್ರಾಂಶದ ಮಟ್ಟಿಗೆ ಮಾತು ಸರಿ. ಆದರೆ ಯುಪಿಐ ನೋಡಿ. ಅದನ್ನು ಕಟ್ಟಿದ ಸಂಸ್ಥೆ ಬ್ಯಾಂಕುಗಳದೇ, ದುಡ್ಡು ಕೂತಿರುವುದೂ ಬ್ಯಾಂಕುಗಳಲ್ಲೇ. ವಹಿವಾಟಿನ ಐದರಲ್ಲಿ ನಾಲ್ಕು ಪಾಲು ಸಾಗುವುದು ಮಾತ್ರ ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳಲ್ಲಿ. ಎಲ್ಲರಿಗೂ ಸಮಾನವಾದ ಕೊಳಾಯಿಯಿದ್ದರೂ ಗಿರಾಕಿಯ ದಿನಚರಿ ಯಾರಿಗೆ ಕಾಣುತ್ತದೋ ಅವರಿಗೆ ಮೇಲುಗೈ ಸಿಕ್ಕಿತು. 

ಗಟ್ಟಿಯಾದ ಆಕ್ಷೇಪ ಬೇರೆ: ಎಲ್ಲವನ್ನೂ ಕೇಂದ್ರಕ್ಕೆ ತಂದರೂ ಮೋಸ ನಿಂತಿತೇ? 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯಿಂದ ಹೊರಬಿದ್ದ ಖಾತರಿ ಪತ್ರಗಳ ಹಗರಣ 13,000 ಕೋಟಿ ರೂಪಾಯಿ ದಾಟಿತು. ಅಲ್ಲಿ ವಿದೇಶಿ ಬ್ಯಾಂಕುಗಳಿಗೆ ಸಂದೇಶ ಕಳಿಸುವ ಸ್ವಿಫ್ಟ್ ಒಂದು ವ್ಯವಸ್ಥೆ, ಕೋರ್ ಬ್ಯಾಂಕಿಂಗ್ ಇನ್ನೊಂದು. ಎರಡನ್ನೂ ಜೋಡಿಸುತ್ತಿದ್ದದ್ದು ಸಿಬ್ಬಂದಿಯ ಕೈ. ಹಗರಣದ ನಂತರ ರಿಸರ್ವ್ ಬ್ಯಾಂಕ್ ಅವೆರಡನ್ನೂ ಜೋಡಿಸಲೇಬೇಕೆಂದು ಗಡುವು ಹಾಕಿತು. ಕೇಂದ್ರದ ಲೆಡ್ಜರಿಗೆ ಕಾಣದೆ ಉಳಿದ ಸಂದಿಯಲ್ಲೇ ಮೋಸ ನಡೆದದ್ದರಿಂದ ಇದು ನನ್ನ ವಾದಕ್ಕೆ ಪುಷ್ಟಿಯನ್ನೇ ಕೊಡುತ್ತದೆ. ಮರುವರ್ಷದ ಪಿಎಂಸಿ ಸಹಕಾರಿ ಬ್ಯಾಂಕ್ ಪ್ರಕರಣ ಅಷ್ಟು ಸುಲಭದ್ದಲ್ಲ. ಒಂದೇ ಕಟ್ಟಡ ಕಂಪನಿಗೆ ಕೊಟ್ಟ ಸಾಲ ಮುಚ್ಚಿಡಲು ಅಲ್ಲಿ 21,000ಕ್ಕೂ ಹೆಚ್ಚು ಸುಳ್ಳು ಖಾತೆಗಳ ಲೆಕ್ಕ ತೋರಿಸಲಾಗಿತ್ತು. ಬರೆಯುವವರೇ ಸುಳ್ಳು ಬರೆದರೆ, ಎಲ್ಲಿಟ್ಟ ಲೆಡ್ಜರೂ ಅದನ್ನು ನಿಷ್ಠೆಯಿಂದ ಕಾಪಾಡುತ್ತದೆ. ಖಾತೆಯ ಹಿಂದಿರುವ ಮನುಷ್ಯನನ್ನು ಬಲ್ಲವರು ಬೇಕೇ ಬೇಕು ಎಂಬ ಮಾತನ್ನು ಇಲ್ಲಿ ಒಪ್ಪಬೇಕಾಗುತ್ತದೆ.

ಕರಾವಳಿಯ ಬ್ಯಾಂಕಿಂಗ್‌ಗೆ ಇದು ಗೊತ್ತಿತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನವೂ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆಯಂಥ ಮೊತ್ತ ಕಲೆಹಾಕುತ್ತಿದ್ದರು. ಉಳಿತಾಯದ ಯೋಜನೆ ಎಂದೇ ಅದನ್ನು ಹೊಗಳುತ್ತೇವೆ. ಆದರೆ ಯಾರ ಅಂಗಡಿ ಮಳೆಗಾಲದಲ್ಲಿ ಸೊರಗುತ್ತದೆ, ಯಾರು ಕಂತು ತಪ್ಪಿಸುವವರಲ್ಲ ಎಂಬುದೆಲ್ಲ ಅದೇ ಓಡಾಟದಲ್ಲಿ ತಿಳಿಯುವಂಥದ್ದು. ಸಾಲ ಕೊಡುವವರಿಗೆ ಇದಕ್ಕಿಂತ ಬೇಕಾದ ಮಾಹಿತಿ ಯಾವುದು? ಇಂದು ಕ್ಯೂಆರ್ ಕೋಡಿಗೆ ಬೀಳುವ ದಿನದ ಜಮೆ ನೋಡಿ ಅಂಗಡಿಗೆ ಸಾಲ ನೀಡುವ ಸಂಸ್ಥೆಗಳು ಅದೇ ಕೆಲಸವನ್ನು ದೂರದಲ್ಲಿ ಕೂತು ಮಾಡುತ್ತಿವೆ. ಮೊತ್ತ ಅವರಿಗೆ ಹೆಚ್ಚು ಖಚಿತವಾಗಿ ಕಾಣುತ್ತದೆ, ಅಂಗಡಿ ಅಷ್ಟಾಗಿ ಕಾಣುವುದಿಲ್ಲ.

ಈ ಕೊರತೆ 2025ರ ಜುಲೈನಲ್ಲಿ ಬೀದಿಗೇ ಬಂತು. ಯುಪಿಐ ಜಮೆಗಳ ಆಧಾರದ ಮೇಲೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಗಿ 'ನಗದು ಮಾತ್ರ' ಎಂಬ ಚೀಟಿ ಅಂಟಿಕೊಂಡಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬ ಇಲಾಖೆಯ ಮಾತಿಗೆ ಕಾನೂನಿನ ಬಲವಿತ್ತು. ಆದರೆ ಅದಕ್ಕೆ ಕಂಡದ್ದು ಜಮೆಯಾದ ಮೊತ್ತ; ಮಾರಿದ್ದು ತೆರಿಗೆಯಿಲ್ಲದ ಹಾಲೋ ತರಕಾರಿಯೋ ಎಂಬುದು ಆ ಅಂಕಿಯಲ್ಲಿ ಇರಲಿಲ್ಲ. ಅದನ್ನು ವ್ಯಾಪಾರಿಗಳೇ ದಾಖಲೆ ಸಮೇತ ವಿವರಿಸಬೇಕಾಯಿತು. ಅಂಥವರ ಹಳೆಯ ಬಾಕಿಯನ್ನು ಕೈಬಿಡುವುದಾಗಿ ಸರ್ಕಾರ ಹೇಳಿದ್ದು ಬಂದ್ ಮಾತು ಎದ್ದ ಮೇಲೆ.