ಬರಗೆಟ್ಟವರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಯಾವ ಊರಲ್ಲಾದರೂ ಊಟದ ಪಂಕ್ತಿಯ ಹತ್ತಿರ ನಿಂತು ನೋಡಿ. ‘ಬರಗೆಟ್ಟೋನು’ ಅನ್ನುವ ಬೈಗುಳ ಕಿವಿಗೆ ಬೀಳುತ್ತದೆ. ಎರಡು ಸಲ ಅನ್ನ ಕೇಳಿದವನು ಬರಗೆಟ್ಟೋನು. ಊರವರೆಲ್ಲ ಉಂಡೆದ್ದ ಮೇಲೆ ನಮ್ಮ ಕೇರಿಯವರನ್ನು ಹೊರಗೆ ಕೂರಿಸಿ ಬಡಿಸುತ್ತಿದ್ದ ಕಾಲದಲ್ಲಿ ಈ ಮಾತು ಅನ್ನಕ್ಕಿಂತ ಮೊದಲೇ ಎಲೆಗೆ ಬೀಳುತ್ತಿತ್ತು. ಅದಕ್ಕೇ ನಮ್ಮ ಅವ್ವಂದಿರು ಮಕ್ಕಳಿಗೆ ಮನೇಲೇ ಅರ್ಧ ಮುದ್ದೆ ನುಂಗಿಸಿ, ‘ಬರಗೆಟ್ಟೋರಂಗೆ ಉಣ್ಬ್ಯಾಡಿ ಕಣ್ರಪ್ಪ’ ಅಂತ ಹೇಳಿ ಕಳಿಸುತ್ತಿದ್ದರು.

ಪದವನ್ನು ಬಿಡಿಸಿ ನೋಡಿ. ಬರ, ಕೆಡು. ಬರದಿಂದ ಕೆಟ್ಟವನು ಬರಗೆಟ್ಟವನು. ಮಳೆ ಹೋಗಿ, ಕಾಳು ಮುಗಿದು, ಬದುಕು ಕೆಟ್ಟವನು. ಇದರಲ್ಲಿ ಅವನಿಗೆ ಆದದ್ದರ ಸುದ್ದಿ ಇದೆ, ಅವನ ಗುಣದ ಸುದ್ದಿ ಎಲ್ಲಿದೆ? ಹೊಟ್ಟೆ ತುಂಬಿದವರ ಬಾಯಲ್ಲಿ ಅದೇ ಪದ ಅವನ ದುರಾಸೆಯ ಹೆಸರಾಯಿತು. ವ್ಯಾಕರಣದ ಮೇಷ್ಟ್ರು ಆದೇಶ ಸಂಧಿ ಅಂತ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ.

ಇಂಥ ಮಾತು ಹುಟ್ಟಲು ಒಂದೇ ಬರ ಬೇಕಾಗಿರಲಿಲ್ಲ. ಆದರೆ ನಮಗೆ ಲೆಕ್ಕ ಸಿಕ್ಕುವ ದೊಡ್ಡ ಬರ 1876–78ರದು, ಧಾತು–ಈಶ್ವರ ಸಂವತ್ಸರಗಳದು. ಮೈಸೂರು ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಕೈಕೊಟ್ಟದ್ದು ನಿಜ. ಆದರೆ ರಾಗಿ ವರ್ಷಗಟ್ಟಲೆ ಕೆಡದ ಕಾಳು, ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ನೆಲದೊಳಗೆ ಉಳಿಯುತ್ತದೆ. ಹಗೇವು ಯಾರದು? ಹೊಲವೇ ಇಲ್ಲದ ಕೂಲಿಯವನಿಗೆ ಹಗೇವು ಎಲ್ಲಿಂದ ಬರಬೇಕು? ಅದೇ ವರ್ಷಗಳಲ್ಲಿ ಹಿಂದೂಸ್ಥಾನದ ಗೋಧಿ ಇಂಗ್ಲೆಂಡಿನ ಹಡಗು ಹತ್ತುತ್ತಿತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ರಿಚರ್ಡ್ ಟೆಂಪಲ್ ಎಂಬ ದೊರೆ 1877ರಲ್ಲಿ ಬರಗಾಲದ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಒಂದಾಣೆ ಸುತ್ತಮುತ್ತಕ್ಕೆ ಇಳಿಸಿದ. ಹಸಿದವನಿಗೆ ಇನ್ನಷ್ಟು ಕೊಟ್ಟರೆ ಸರ್ಕಾರದ ದುಡ್ಡು ಹಾಳು ಅನ್ನುವ ಲೆಕ್ಕ. ಅನ್ನ ಕೇಳಿದವನೇ ಆಸೆಬುರುಕ ಅನ್ನುವ ನಮ್ಮ ಪಂಕ್ತಿಯ ಬುದ್ಧಿಗೂ ಇಂಗ್ಲಿಷ್ ದೊರೆಯ ಬುದ್ಧಿಗೂ ಎಷ್ಟು ಅಂತರ?

ಈಗ ಪದ ಅನ್ನದ ಎಲೆ ಬಿಟ್ಟು ಎದ್ದಿದೆ. ದುಡ್ಡಿಗೆ ಬರಗೆಟ್ಟೋನು, ಹೆಣ್ಣಿಗೆ ಬರಗೆಟ್ಟೋನು, ಓಟಿಗೆ ಬರಗೆಟ್ಟೋರು. ರಾಗಿ ಬೆಳೆಯುತ್ತಿದ್ದ ಮಳೆಯ ಹೊಲಕ್ಕೆ ಹೊಗೆಸೊಪ್ಪು ಬಂದಿರುವ ಈ ಸೀಮೆಯಲ್ಲಿ, ಬ್ಯಾರನ್ ಮುಂದೆ ಕೂತು ಸೊಪ್ಪು ಕಟ್ಟುವ ಹೆಂಗಸರು ಕೂಲಿ ಹಿಡಿದುಕೊಂಡ ಯಜಮಾನನ ಬೆನ್ನ ಹಿಂದೆ ಹೇಳುತ್ತಾರೆ: ‘ಇಷ್ಟಿದ್ರೂ ಬರಗೆಟ್ಟವ್ನೆ ನೋಡವ್ವ.’