ಬಿಳಿ ಬಚ್ಚಲಿನ ಹಿಂದೆ

ಬಚ್ಚಲುಮನೆಗೆ ಬಿಳಿ ಟೈಲ್ಸ್ ಹಾಕಿಸಿ, ಒಂದು ವಸ್ತುವೂ ಹೊರಗೆ ಕಾಣದಂತೆ ಇಟ್ಟುಕೊಳ್ಳುವುದನ್ನು ಇಂದು ನಾವು ಅಭಿರುಚಿ ಎನ್ನುತ್ತೇವೆ. ಈ ರೂಢಿ ಹುಟ್ಟಿದ್ದು ರೋಗದ ಭಯದಿಂದ.

19ನೇ ಶತಮಾನದ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಸ್ನಾನದ ಕೋಣೆ ಇನ್ನೊಂದು ಪಡಸಾಲೆಯಂತಿತ್ತು. ನೆಲಕ್ಕೆ ರತ್ನಗಂಬಳಿ, ಕಿಟಕಿಗೆ ಪರದೆ, ಗೋಡೆಗೆ ಹೂವಿನ ವಾಲ್‌ಪೇಪರ್. ಸ್ನಾನದ ತೊಟ್ಟಿಗೆ ಮರದ ಕವಚ, ಕೊಳವೆಗಳೆಲ್ಲ ಅದರೊಳಗೆ. 1882ರಲ್ಲಿ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಮುಂದೆ ಧೂಳು, ಸಂದುಗೊಂದು, ಒದ್ದೆ ಮರ ಎಲ್ಲದರಲ್ಲೂ ಜನ ರೋಗಾಣುವನ್ನೇ ಕಂಡರು. ಗಂಬಳಿ, ಪರದೆ, ಮರದ ಕವಚ ಒಂದೊಂದಾಗಿ ಹೊರಗೆ ಹೋದವು. ಬಿಳಿ ಪಿಂಗಾಣಿ ಬಂತು. ಅದರ ಮೇಲೆ ಕೊಳೆ ಕೂತರೆ ಕೂಡಲೇ ಕಾಣುತ್ತದೆ. ಕಂಡ ಕೊಳೆಯನ್ನು ಉಜ್ಜುವ ಕೆಲಸ ಮನೆಯ ಹೆಂಗಸರ, ಆಳುಗಳ ಪಾಲಾಯಿತು.

ನಮ್ಮ ಹಳೆಯ ಬಚ್ಚಲುಮನೆಯೂ ಬರಿದಾಗಿತ್ತು, ಕಾರಣ ಮಾತ್ರ ಬೇರೆ. ಒಲೆಯ ಹೊಗೆಗೆ ಅಲ್ಲಿ ಏನಿಟ್ಟರೂ ಮಸಿ ಹಿಡಿಯುತ್ತಿತ್ತು. ಹಂಡೆ, ಚೊಂಬು, ಸ್ನಾನದ ಕಲ್ಲು, ಇಷ್ಟೇ ಸಾಮಾನು. ಅಲಂಕಾರವೆಂದರೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ: ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುವುದು. ಹಬ್ಬ ಮುಗಿದರೆ ಬಳ್ಳಿ ಬಾಡಿ ಹೋಗುತ್ತಿತ್ತು. ಎತ್ತಿಡಬೇಕಾದ ವಸ್ತು ಏನೂ ಉಳಿಯುತ್ತಿರಲಿಲ್ಲ. ಆದರೆ ಆ ಹಂಡೆಯ ಮಸಿ ತಿಕ್ಕುತ್ತಿದ್ದವರೂ ಹೆಚ್ಚಾಗಿ ಹೆಂಗಸರೇ. ಕಾರಣ ಭಯವಿರಲಿ, ಹೊಗೆಯಿರಲಿ, ಚೊಕ್ಕ ಮನೆಯ ಚರಿತ್ರೆಯಲ್ಲಿ ಟೈಲ್ಸಿನ ಬಣ್ಣದ ಜೊತೆಗೆ ಆ ಕೈಗಳ ಲೆಕ್ಕವನ್ನೂ ಬರೆಯಬೇಕು.