ಗುತ್ತಿನ ಮನೆಯ ಮುರಕಲ್ಲು

ಸಿದ್ಧಕಟ್ಟೆಯ ಸುತ್ತಿನ ಊರುಗಳಲ್ಲಿ ಗುತ್ತು ಎಂದರೆ ಊರಿನ ಯಜಮಾನಿಕೆಯ ಮನೆತನ. ಅದರ ಹಳೆಯ ಮನೆಗೆ ಮುರಕಲ್ಲಿನ ಗೋಡೆ. ನೆಲದೊಳಗೆ ಮೆದುವಾಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲಿದು. ಫ್ರಾನ್ಸಿಸ್ ಬುಕಾನನ್ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟದ್ದು 1807ರಲ್ಲಿ; ಕಲ್ಲು ಕಡಿಯುವವರಿಗೆ ಅದರ ಗುಣ ಮೊದಲೇ ಗೊತ್ತಿತ್ತೆನ್ನಿ! ಮಣ್ಣಿನ ಗಾರೆಗೆ ಮಳೆಯೇ ಶತ್ರು. ಅದಕ್ಕೇ ಮಾಡು ಕಡಿದಾದ ಇಳಿಜಾರು, ಸೂರು ತೀರ ತಗ್ಗು. ಮುಳಿಹುಲ್ಲಿನ ಜಾಗಕ್ಕೆ ಹಂಚು ಬರತೊಡಗಿದ್ದು 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ.

ಮನೆಯ ಜೀವ ಮಾತ್ರ ಚಾವಡಿ. ದೈವದ ಮಣೆಮಂಚ, ಊರಿನ ನ್ಯಾಯತೀರ್ಮಾನ, ಗೇಣಿಯ ಲೆಕ್ಕ ಎಲ್ಲವೂ ಅಲ್ಲಿಯೇ. 1974ರ ಭೂಸುಧಾರಣೆಯಲ್ಲಿ ಒಕ್ಕಲು ಒಡೆಯನಾದ, ಅದು ನ್ಯಾಯವೇ. ಆದರೆ ಗೇಣಿ ನಿಂತು, ಪಾಲೂ ಆದಾಗ ಅಷ್ಟು ದೊಡ್ಡ ಮಾಡನ್ನು ರಿಪೇರಿ ಮಾಡಿಸುವವರು ಯಾರು? ಹಲವು ಮನೆಗಳು ಕುಸಿದವು. ಉಳಿದ ಕೆಲವಕ್ಕೆ ದೈವವೇ ಆಸರೆ: ನೇಮಕ್ಕೆ ಕುಟುಂಬದವರು ಸೇರುತ್ತಾರೆ, ಚಾವಡಿಯ ಹಂಚಿಗೆ ವಂತಿಗೆ ಎತ್ತುವುದೂ ಆಗಲೇ.